ಹನ್ನೊಂದು ಇಂಚಿನ ಪ್ಲಾಸ್ಟಿಕ್ ರೈನ್ ಗೇಜ್: ಗಾಳಿ ಇಳಿದ ಮೇಲೆ ಕೆಲಸ ಶುರು ಮಾಡುವ ಸಾಮಾನು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಿತ್ತಲಲ್ಲಿರುವ ಹವಾಮಾನದ ಸಾಮಾನುಗಳಲ್ಲಿ ಅತಿ ಅಗ್ಗದ್ದು ಮಳೆ ಅಳೆಯುವ ಈ ಪ್ಲಾಸ್ಟಿಕ್ ಗೇಜ್. ನಲವತ್ತು ಡಾಲರಿನ ಆಸುಪಾಸಿಗೆ ಸಿಗುತ್ತದೆ. ಬ್ಯಾಟರಿ ಇಲ್ಲ, ವೈಫೈ ಇಲ್ಲ, ಆ್ಯಪ್ ಇಲ್ಲ. ಚಂಡಮಾರುತ ಬಂದಾಗ ನಾನು ನಂಬುವುದು ಇದೊಂದನ್ನೇ. ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಳೆದೆ ಅಂತ ಮುಂದೆ ಬರುತ್ತದೆ.

ನಾನಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ, ರಾಲಿ ಪಕ್ಕದಲ್ಲೇ. ಸಮುದ್ರಕ್ಕೆ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ. ಹುಟ್ಟಿ ಬೆಳೆದದ್ದು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಗೇಜ್ ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ಇಂಚು ಮತ್ತು ಸೆಂಟ್ ಲೆಕ್ಕ, ಸೆಂಟ್ ಅಂದರೆ ಇಂಚಿನ ನೂರನೇ ಭಾಗ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ಪ್ಲಾಂಟರುಗಳು ಇಂಚು ಬಿಟ್ಟವರಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಒಂದು ಇಂಚು ಬಂತಾ, ಅರವತ್ತು ಸೆಂಟಿಗೇ ನಿಂತಿತಾ ಎನ್ನುವುದರ ಮೇಲೆ ಮುಂದಿನ ಫಸಲು. ಪಕ್ಕದ ತೋಟಕ್ಕೆ ಎಷ್ಟು ಬಿತ್ತು ಅಂತ ಫೋನ್ ಮಾಡಿ ಕೇಳುವುದು, ಅವರಿಗೆ ಜಾಸ್ತಿ ಬಿದ್ದಿದ್ದರೆ ಹೊಟ್ಟೆ ಉರಿದುಕೊಳ್ಳುವುದು, ಇವೆಲ್ಲ ನಮ್ಮ ಕಡೆ ಮಾಮೂಲು. ಅಮೆರಿಕದಲ್ಲೂ ಮಳೆಗೆ ಇಂಚು, ಇಂಚಿನ ನೂರನೇ ಭಾಗ. ಆ ಒಂದು ವಿಚಾರದಲ್ಲಿ ನನಗೆ ಇಲ್ಲಿ ಹೊಸದಾಗಿ ಕಲಿಯುವುದೇನೂ ಇರಲಿಲ್ಲ.

ಈಗ ಸಾಮಾನಿನ ವಿಚಾರ. ಹೊರಗಡೆ ಒಂದು ಪಾರದರ್ಶಕ ಕೊಳವೆ, ಬಾಯಿ ನಾಲ್ಕು ಇಂಚು ಅಗಲ. ಮೇಲೊಂದು ಆಲಿಕೆ. ಒಳಗೆ ಸಣ್ಣದೊಂದು ಅಳತೆಯ ಕೊಳವೆ. ಜಾಣತನ ಇರುವುದು ಈ ಒಳಗಿನ ಕೊಳವೆಯಲ್ಲಿ. ಅದರ ಅಡ್ಡಳತೆಯ ವಿಸ್ತೀರ್ಣ ಹೊರಗಿನ ಬಾಯಿಯ ಹತ್ತನೇ ಒಂದು ಭಾಗ. ಹಾಗಾಗಿ ಒಂದು ಇಂಚು ಮಳೆ ಬಿದ್ದರೆ ಒಳಗೆ ನೀರು ಹತ್ತು ಇಂಚು ಎತ್ತರಕ್ಕೆ ನಿಲ್ಲುತ್ತದೆ. ಒಂದು ಸೆಂಟಿನ ಗೆರೆಗೂ ಮುಂದಿನ ಗೆರೆಗೂ ನಡುವೆ ಕಣ್ಣಿಗೆ ಸಲೀಸಾಗಿ ಕಾಣುವಷ್ಟು ಜಾಗ. ಕನ್ನಡಕ ಹಾಕಿಕೊಂಡೇ ನೋಡುವ ನನ್ನಂಥವರಿಗೂ ಗೋಳಿಲ್ಲ. ನೀರಿನ ಮೇಲ್ಮೈ ಅಂಚಿನಲ್ಲಿ ಸ್ವಲ್ಪ ಮೇಲೇರಿರುತ್ತದೆ. ನಡುವಿನ ತಗ್ಗನ್ನು ಓದಬೇಕು, ಅಂಚನ್ನಲ್ಲ. ಅಷ್ಟು ನೆನಪಿಟ್ಟುಕೊಂಡರೆ ಮಕ್ಕಳೂ ಓದಬಹುದು.

ಒಂದು ಇಂಚು ದಾಟಿದರೆ ಒಳಗಿನದು ತುಂಬಿ ಉಳಿದದ್ದು ಹೊರಗಿನ ಕೊಳವೆಗೆ ಇಳಿಯುತ್ತದೆ. ಆಗ ಒಳಗಿನದನ್ನು ಓದಿ ಚೆಲ್ಲಿ, ಹೊರಗಿನ ನೀರನ್ನು ಆಲಿಕೆ ಇಟ್ಟು ಮತ್ತೆ ಮತ್ತೆ ಅದಕ್ಕೆ ಬಗ್ಗಿಸಿ ಅಳೆದು ಕೂಡಿಸಬೇಕು. ಎಲ್ಲ ಸೇರಿ ಹನ್ನೊಂದು ಇಂಚು ಹಿಡಿಯುತ್ತದೆ. ಮಾಮೂಲಿ ದಿನಗಳಲ್ಲಿ ಅಷ್ಟು ಯಾಕೆ ಬೇಕು ಅನ್ನಿಸುತ್ತದೆ, ಅಲ್ವಾ? ಕ್ಯಾರಿಯಲ್ಲಿ ಒಂದು ಇಂಚು ಬಿದ್ದರೆ ಅದೇ ದೊಡ್ಡ ಸುದ್ದಿ.

ಹನ್ನೊಂದೂ ಸಾಲದು ಅಂತ ಗೊತ್ತಾದದ್ದು 2018ರ ಸೆಪ್ಟೆಂಬರಿನಲ್ಲಿ, ಫ್ಲಾರೆನ್ಸ್ ಚಂಡಮಾರುತ ಬಂದಾಗ.

ಹಿಂದಿನ ತಿಂಗಳು ಕೊಡಗಿನಲ್ಲಿ ಗುಡ್ಡ ಜರಿದಿತ್ತು. ಮಕ್ಕಂದೂರು, ಜೋಡುಪಾಲ ಅಂತ ದಿನಾ ಸುದ್ದಿ. ಘಟ್ಟದ ಕಡೆಯ ನೆಂಟರಿಗೆಲ್ಲ ನಾವು ಇಲ್ಲಿಂದ ಫೋನ್ ಮಾಡಿ ವಿಚಾರಿಸುತ್ತಿದ್ದೆವು. ಸೆಪ್ಟೆಂಬರಿನಲ್ಲಿ ಅವರ ಸರದಿ. ಅಟ್ಲಾಂಟಿಕ್ ನಡುವೆ ಫ್ಲಾರೆನ್ಸ್ ಗಾಳಿಯ ಲೆಕ್ಕದಲ್ಲಿ ಐದಕ್ಕೆ 4ನೇ ದರ್ಜೆಗೆ ಏರಿ, ಎತ್ತರದ ಗಾಳಿಯ ಹೊಡೆತಕ್ಕೆ ಸಿಕ್ಕಿ ಬಡಕಲಾಗಿ, ಮತ್ತೆ ಸೆಪ್ಟೆಂಬರ್ 10ರಂದು 4ಕ್ಕೆ ಎದ್ದು ನೇರ ನಮ್ಮ ಕರಾವಳಿಯ ಕಡೆಗೆ ಮುಖ ಮಾಡಿತ್ತು.

ನಮ್ಮದೊಂದು ಸಣ್ಣ ವಾಟ್ಸಾಪ್ ಗುಂಪಿದೆ. ಆಫೀಸಿನ ಇಬ್ಬರು, ಪಕ್ಕದ ಮನೆಯ ನಿವೃತ್ತ ಅಮೆರಿಕನ್ ಮೇಷ್ಟ್ರು, ವಿಲ್ಮಿಂಗ್ಟನ್ ಹತ್ತಿರದ ಲೀಲಂಡಿನಲ್ಲಿರುವ ಶೃಂಗೇರಿ ಕಡೆಯ ಗೆಳೆಯ, ನಾನು. ಎಲ್ಲರೂ ಮೋಡದ ಹುಚ್ಚರು. ಚಂಡಮಾರುತ ಬಂದರೆ ನಮ್ಮ ದಿನಚರಿ ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರಿನ ಗಡಿಯಾರದ ಪ್ರಕಾರ. ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ತೀರಕ್ಕೆ ಎಚ್ಚರಿಕೆ ಕೊಟ್ಟ ಮೇಲೆ ನಡುನಡುವೆಯೂ ಒಂದೊಂದು ಬುಲೆಟಿನ್. ಅದು ಬರುವ ಹತ್ತು ನಿಮಿಷ ಮೊದಲೇ ಪುಟ ರಿಫ್ರೆಶ್ ಮಾಡುತ್ತಾ ಕೂರುತ್ತೇವೆ. ಬೇರೆ ಬೇರೆ ಮಾಡೆಲ್‌ಗಳ ದಾರಿಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಬಿಡಿಸಿರುತ್ತಾರಲ್ಲ, ನಮ್ಮ ಗುಂಪಿನಲ್ಲಿ ಅದರ ಹೆಸರು ಶಾವಿಗೆ. 'ಶಾವಿಗೆ ಬಂತಾ?' ಅಂತ ಮಧ್ಯರಾತ್ರಿ ಮೆಸೇಜು.

ಗುರುವಾರ 13ಕ್ಕೆ ಊರಲ್ಲಿ ಚೌತಿ. ಇಲ್ಲಿನ ತಿಥಿ ನೋಡಿ ಕೆಲವರು ಬುಧವಾರವೇ ಗಣಪತಿ ಕೂರಿಸಿದ್ದರು, ನಾವೂ ಅವರಲ್ಲಿ ಸೇರಿದವರು. ಅಂಗಡಿಯಲ್ಲಿ ಬ್ರೆಡ್ಡು, ಹಾಲು, ನೀರಿನ ಬಾಟಲಿ ಖಾಲಿ. ನಮಗೆ ಬೇಕಿದ್ದ ತೆಂಗಿನಕಾಯಿ, ಬೆಲ್ಲ ಮಾತ್ರ ಧಾರಾಳ. ಬುಧವಾರ ಮಧ್ಯಾಹ್ನ ಲೀಲಂಡಿನ ಗೆಳೆಯ ಹೆಂಡತಿ ಮಕ್ಕಳು, ಎರಡು ಸೂಟ್‌ಕೇಸು, ಮನೆ ಪತ್ರದ ಫೈಲು ಹಿಡಿದು ನಮ್ಮ ಮನೆಗೆ ಬಂದಿಳಿದ. ಬಾಗಿಲಲ್ಲೇ ಹೇಳಿದ ಮೊದಲ ಮಾತು, 'ಗೇಜ್ ಖಾಲಿ ಮಾಡಿ ಇಟ್ಟು ಬಂದಿದೀನಿ ಮಾರಾಯ.' ಅವನದೂ ಇದೇ ಗೇಜ್. ಎದುರು ಮನೆಯವರು ಊರು ಬಿಡುತ್ತಿರಲಿಲ್ಲ. ಸಾಧ್ಯವಾದರೆ ದಿನಕ್ಕೆ ಒಮ್ಮೆ ನೋಡಿ ಚೆಲ್ಲಿ ಅಂತ ಅವರಿಗೆ ಹೇಳಿ ಬಂದಿದ್ದ.

ಆಮೇಲೆ ಗಾಳಿ ಇಳಿಯತೊಡಗಿತು. ನಡುವಿನ ಕಣ್ಣಿನ ಸುತ್ತಲ ಗೋಡೆ ಒಡೆದು ಹೊಸದು ಕಟ್ಟಿಕೊಳ್ಳುವ ಹೊತ್ತು, ಜೊತೆಗೆ ಮತ್ತೆ ಮೇಲ್ಗಾಳಿಯ ಅಡ್ಡಿ. 4 ಹೋಗಿ 3, 3 ಹೋಗಿ 2. ಗುರುವಾರ ರಾತ್ರಿ 11ರ ಬುಲೆಟಿನ್ ಹೊತ್ತಿಗೆ 1.

ಆ ರಾತ್ರಿ ನಮ್ಮ ಗುಂಪಿನ ಮೂಡು ನೋಡಬೇಕಿತ್ತು. ಒಳ್ಳೆಯದೇ ಆಯಿತು ಅಂತ ಎಲ್ಲರೂ ಬರೆದರು. ಆದರೆ ಬರೆದವರೆಲ್ಲ ಸ್ವಲ್ಪ ಸಪ್ಪಗಾಗಿದ್ದರು ಅನ್ನುವುದು ಸುಳ್ಳಲ್ಲ. ಈ ಹುಚ್ಚಿನಲ್ಲಿ ಒಂದು ಹೇಸಿಗೆ ಇದೆ. ಮನೆ ಬಿಟ್ಟು ಬಂದವನು ಪಕ್ಕದ ಸೋಫಾದಲ್ಲಿ ಕೂತಿದ್ದಾಗಲೂ ಉಪಗ್ರಹದ ಚಿತ್ರದಲ್ಲಿ ದುಂಡಗಿನ ಕಣ್ಣು ಮಸುಕಾದರೆ 'ಛೆ' ಅನ್ನಿಸುತ್ತದೆ. ಆ ಗೆಳೆಯನಿಗೂ ಹಾಗೇ ಅನ್ನಿಸಿತಂತೆ, ಆಮೇಲೆ ಹೇಳಿದ. ಬೆಂಗಳೂರಿನಿಂದ ಅವನ ಅಕ್ಕನ ಫೋನು: 'ಕಮ್ಮಿ ಆಯ್ತಂತಲ್ಲ, ನಾಳೆ ಮನೆಗೆ ಹೋಗ್ತೀರಾ?' ಬೀಚ್ ಊರುಗಳಿಂದ ಬಂದ ಬೇರೆ ಕೆಲವರೂ ವಾಪಸ್ ಹೊರಡುವ ಲೆಕ್ಕ ಹಾಕುತ್ತಿದ್ದರು. ಒಂದನೇ ದರ್ಜೆ ತಾನೆ, ಏನು ಮಹಾ!

ಪಕ್ಕದ ಮನೆಯ ಮೇಷ್ಟ್ರು ಮಾತ್ರ 1999ರ ಫ್ಲಾಯ್ಡ್ ಚಂಡಮಾರುತ ನೋಡಿದವರು. ಟಾರ್ ನದಿ ಉಕ್ಕಿ ಪ್ರಿನ್ಸ್‌ವಿಲ್ ಅನ್ನುವ ಊರು ಪೂರ್ತಿ ಮುಳುಗಿದ್ದು ಆಗ. ಫ್ಲಾಯ್ಡ್ ಕೂಡ ತೀರಕ್ಕೆ ಬರುವ ಹೊತ್ತಿಗೆ ಇಳಿದು 2ನೇ ದರ್ಜೆಯಾಗಿತ್ತು. ದರ್ಜೆ ಬಿಟ್ಟು ಅದು ಎಷ್ಟು ವೇಗವಾಗಿ ನಡೆಯುತ್ತಿದೆ ಅಂತ ನೋಡಿ ಎಂದು ಅವರು ಬರೆದರು. ಫ್ಲಾರೆನ್ಸ್ ಆಗ ನಡೆಯುತ್ತಲೇ ಇರಲಿಲ್ಲ ಅನ್ನಬಹುದು. ಮನುಷ್ಯ ಓಡಿ ಹಿಂದೆ ಹಾಕುವಷ್ಟು ನಿಧಾನ.

ದರ್ಜೆ ಅನ್ನುವುದು ಬರೀ ಗಾಳಿಯ ಲೆಕ್ಕ. ಹರ್ಬರ್ಟ್ ಸಫೀರ್ ಎನ್ನುವ ಎಂಜಿನಿಯರ್ ಕಟ್ಟಡಗಳಿಗೆ ಗಾಳಿ ಏನು ಮಾಡುತ್ತದೆ ಅಂತ ಮಾಡಿದ ಪಟ್ಟಿ ಅದು, ರಾಬರ್ಟ್ ಸಿಂಪ್ಸನ್ ಹರಿಕೇನ್ ಸೆಂಟರಿನ ಮುಖ್ಯಸ್ಥರಾಗಿದ್ದಾಗ ಚಾಲ್ತಿಗೆ ಬಂತು. ಸಮುದ್ರದ ನೀರು ಉಬ್ಬುವ ಅಂದಾಜನ್ನೂ 2010ರಲ್ಲಿ ಅದರಿಂದ ತೆಗೆದರು. ಮಳೆಗೆ ಅದರಲ್ಲಿ ಯಾವತ್ತೂ ಜಾಗ ಇರಲಿಲ್ಲ. ಟೀವಿಯ ಕೋನ್ ಕೂಡ ಅಷ್ಟೇ, ಚಂಡಮಾರುತದ ನಡುಬಿಂದು ಎಲ್ಲಿ ಹೋಗಬಹುದು ಅಂತ ತೋರಿಸುವ ಚಿತ್ರ. ಕೋನಿನ ಹೊರಗಿದ್ದೇವೆ ಅಂದರೆ ಮಳೆಯ ಹೊರಗಿದ್ದೇವೆ ಅಂತ ಅರ್ಥ ಅಲ್ಲ. ಇನ್ನೂ ಒಂದು ಕಿತಾಪತಿ ಇದೆ. ನಡುವಿನ ಗಾಳಿ ಇಳಿಯುತ್ತಿದ್ದಾಗಲೇ ಫ್ಲಾರೆನ್ಸ್‌ನ ಗಾಳಿಯ ಹರವು ದೊಡ್ಡದಾಗುತ್ತಿತ್ತು. ಆ ಹರವು ಸಮುದ್ರದ ನೀರನ್ನು ನೂಸ್ ನದಿಯೊಳಗೆ ಹಿಂದಕ್ಕೆ ದಬ್ಬಿತು. ಚಂಡಮಾರುತ ಇನ್ನೂ ತೀರ ಮುಟ್ಟದ ಆ ರಾತ್ರಿಯೇ, ದೂರದ ನ್ಯೂ ಬರ್ನ್‌ನಲ್ಲಿ ನೀರು ಹತ್ತಿರ ಹತ್ತಿರ ಹತ್ತಡಿ ಉಬ್ಬಿ ನೂರಾರು ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು.

ಶುಕ್ರವಾರ ಬೆಳಿಗ್ಗೆ 7.15ಕ್ಕೆ ವಿಲ್ಮಿಂಗ್ಟನ್ ಪಕ್ಕದ ರೈಟ್ಸ್‌ವಿಲ್ ಬೀಚ್ ಹತ್ತಿರ ಅದು ದಡ ಮುಟ್ಟಿತು. ಗಂಟೆಗೆ 90 ಮೈಲಿ ಗಾಳಿ. ಕ್ಯಾರಿಯಲ್ಲಿ ಆಗ ಜಿಟಿಜಿಟಿ. ನಾನು ಏಳು ಗಂಟೆಗೆ ಛತ್ರಿ ಹಿಡಿದು ಗೇಜ್ ನೋಡಲು ಹೋದಾಗ ತಳದಲ್ಲಿ ಕೆಲವೇ ಸೆಂಟು. ಗೆಳೆಯನೂ ನಾನೂ ಕಾಫಿ ಕುಡಿಯುತ್ತಾ ರೇಡಾರ್ ನೋಡುತ್ತಾ ಕೂತೆವು. ಮಳೆಪಟ್ಟಿಗಳು ಸಮುದ್ರದಿಂದ ಎದ್ದು ಒಂದೇ ಜಾಗದ ಮೇಲೆ ರೈಲಿನ ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಹಾದು ಹೋಗುತ್ತಿದ್ದವು. ಆ ಜಾಗದಲ್ಲಿ ಅವನ ಮನೆ.

ಕ್ಯಾರಿಯ ನಮ್ಮ ಗೇಜಿನ ನಿಜವಾದ ಕೆಲಸ ವಾರಾಂತ್ಯದಲ್ಲಿ. ಬೆಳಿಗ್ಗೆ ಹೋದರೆ ಒಳಗಿನ ಕೊಳವೆ ತುಂಬಿ ಹೊರಗೂ ನೀರು. ಗೇಜನ್ನು ಬ್ರಾಕೆಟ್ಟಿನಿಂದ ಎತ್ತಿ ಅಡುಗೆಮನೆಗೆ ತಂದು ಸಿಂಕ್ ಪಕ್ಕ ಇಟ್ಟು, ಹೊರಮೈ ಒರೆಸಿ, ಆಲಿಕೆ ತೆಗೆದು, ಒಳಗಿನದನ್ನು ನಿಧಾನ ಮೇಲೆಳೆದು, ಅದರ ತಳದಿಂದ ತೊಟ್ಟಿಕ್ಕುವ ನೀರು ಹೊರಗಿನ ಕೊಳವೆಗೇ ಬೀಳುವ ಹಾಗೆ ಒಂದು ಕ್ಷಣ ಹಿಡಿದು, ಆಮೇಲೆ ಓದುವುದು. ನಂತರ ಬಗ್ಗಿಸಿ ಬಗ್ಗಿಸಿ ಅಳೆಯುವುದು. ಗೆಳೆಯ ಪೆನ್ಸಿಲ್ ಹಿಡಿದು ಕೂಡಿಸುತ್ತಿದ್ದ. ಹೆಂಡತಿಯರಿಬ್ಬರೂ ದೋಸೆ ಹುಯ್ಯುತ್ತಾ, 'ಆ ನೀರನ್ನ ಹಿಟ್ಟಿಗೆ ಹಾಕ್ಬಿಡಿ, ಹಾಳಾಗೋದು ಬೇಡ' ಅಂತ ತಮಾಷೆ ಮಾಡುತ್ತಿದ್ದರು. ಗಣಪತಿಯನ್ನು ಹಿತ್ತಲಿನ ಬಕೆಟ್ಟಿನಲ್ಲಿ ಬಿಟ್ಟದ್ದು ಅದೇ ಮಳೆಯಲ್ಲಿ. ಬಕೆಟ್ಟಿಗೆ ನಲ್ಲಿ ನೀರು ತುಂಬಿಸುವ ಕೆಲಸವೇ ಇರಲಿಲ್ಲ. ನಾಲ್ಕು ದಿನ ಸೇರಿ ನಮ್ಮ ಮನೆಯ ಲೆಕ್ಕ ಏಳು ಇಂಚು ಚಿಲ್ಲರೆ.

ಈಗ ಹೋಲಿಕೆ. ಇದೇ ಹಿತ್ತಲಲ್ಲಿ ಇದರ ಐದಾರು ಪಟ್ಟು ಬೆಲೆಯ ಎಲೆಕ್ಟ್ರಾನಿಕ್ ಸ್ಟೇಷನ್ ಕೂಡ ಇತ್ತು. ಕಂಪನಿಯ ಹೆಸರು ಬೇಡ. ಗಾಳಿ, ಉಷ್ಣತೆ, ಒತ್ತಡ ಎಲ್ಲ ತೋರಿಸುತ್ತದೆ. ಚಂಡಮಾರುತ ಹಾದುಹೋಗುವಾಗ ಒತ್ತಡದ ಗೆರೆ ಕೆಳಗಿಳಿಯುವುದನ್ನು ನೋಡುವುದು ಒಂದು ಸುಖವೇ. ಮಳೆಯಲ್ಲಿ ಮಾತ್ರ ಅದು ಗೇಜಿಗಿಂತ ಒಂದು ಇಂಚಿಗೂ ಜಾಸ್ತಿ ಹಿಂದೆ ಬಿದ್ದಿತ್ತು. ಅದರೊಳಗೆ ಏತದ ಹಾಗೆ ಓಲಾಡುವ ಎರಡು ಪುಟ್ಟ ಬಟ್ಟಲು ಇರುತ್ತವೆ. ಒಂದು ಸೆಂಟ್ ತುಂಬಿದರೆ ಒಂದು ವಾಲುತ್ತದೆ, ಎಷ್ಟು ಸಲ ವಾಲಿತು ಅಂತ ಯಂತ್ರ ಎಣಿಸುತ್ತದೆ. ಜೋರು ಮಳೆಯಲ್ಲಿ ವಾಲುವ ಹೊತ್ತಿನಲ್ಲೂ ನೀರು ಸುರಿಯುತ್ತಲೇ ಇರುತ್ತದೆ, ಅದು ಎಣಿಕೆಗೆ ಸಿಗುವುದಿಲ್ಲ. ಗಾಳಿಗೆ ಹಾರಿ ಬಂದ ಒಂದು ಎಲೆ ಬಾಯಿಗೆ ಕೂತರಂತೂ ಮುಗಿಯಿತು. ಇದು ಒಂದು ಕಂಪನಿಯ ತಪ್ಪಲ್ಲ, ಆ ಬಗೆಯ ಗೇಜುಗಳ ಗುಣವೇ ಹಾಗೆ. ಮಳೆ ಯಾವ ಗಂಟೆಗೆ ಎಷ್ಟು ಜೋರಿತ್ತು ಅನ್ನುವುದಕ್ಕೆ ಅದು ಬೇಕು. ಒಟ್ಟು ಎಷ್ಟು ಅನ್ನುವುದಕ್ಕೆ ಈ ಪ್ಲಾಸ್ಟಿಕ್ ಕೊಳವೆ ಸಾಕು.

ಕಳೆದ ಅರ್ಧ ಅಂಕದ ವಿಚಾರ ಈಗ. ಗೆಳೆಯ ಮನೆಗೆ ವಾಪಸ್ ಹೋಗಲು ದಾರಿಯೇ ಇರಲಿಲ್ಲ. ಇಂಟರ್‌ಸ್ಟೇಟ್ 40 ಮತ್ತು 95 ಎರಡೂ ಕಡೆ ನೀರು. ವಿಲ್ಮಿಂಗ್ಟನ್ ಕೆಲವು ದಿನ ದ್ವೀಪವಾಗಿತ್ತು. ಪೆಂಡರ್ ಕೌಂಟಿಯಲ್ಲಿ ನೀರಿಳಿದ ಮೇಲೆ ಹೆದ್ದಾರಿಯ ಮೇಲೆ ಬಿದ್ದಿದ್ದ ಮೀನುಗಳನ್ನು ಅಗ್ನಿಶಾಮಕದವರು ಪೈಪು ಹಿಡಿದು ತೊಳೆದ ವಿಡಿಯೋ ಬಂತಲ್ಲ, ನೋಡಿರುತ್ತೀರಿ. ಕೊನೆಗೆ ಅವನು ಮನೆ ಮುಟ್ಟಿದಾಗ ಸೂರಿನ ಕೆಲವು ಹಾಸು ಹಾರಿದ್ದವು, ಗ್ಯಾರೇಜಿಗೆ ಒಂದಿಷ್ಟು ನೀರು. ಗೇಜ್ ಇದ್ದಲ್ಲೇ ಇತ್ತು, ಕಂಠಪೂರ್ತಿ ತುಂಬಿ. ಎದುರು ಮನೆಯವರು ಒಂದೇ ಸಲ ಚೆಲ್ಲಲು ಸಾಧ್ಯವಾಗಿತ್ತು, ಆಮೇಲೆ ಅವರೂ ಹೊರಗೆ ಕಾಲಿಟ್ಟಿರಲಿಲ್ಲ. ಹನ್ನೊಂದಾದ ಮೇಲೆ ಎಷ್ಟು ಚೆಲ್ಲಿತೋ ದೇವರಿಗೇ ಗೊತ್ತು. ವಿಲ್ಮಿಂಗ್ಟನ್ ವಿಮಾನ ನಿಲ್ದಾಣದ ಲೆಕ್ಕ 23 ಇಂಚು. ಒಳನಾಡಿನ ಎಲಿಜಬೆತ್‌ಟೌನ್‌ನಲ್ಲಿ 35.93. ಒಂದೇ ಚಂಡಮಾರುತದಿಂದ ಈ ರಾಜ್ಯದಲ್ಲಿ ಅಷ್ಟು ಮಳೆ ಯಾವತ್ತೂ ದಾಖಲಾಗಿರಲಿಲ್ಲ. ಅಂಥ ಕಡೆ ಈ ಗೇಜನ್ನು ದಿನಕ್ಕೆರಡು ಸಲ ಖಾಲಿ ಮಾಡುವವರು ಬೇಕು. ಮನೆ ಬಿಟ್ಟು ಹೋಗಿ ಅಂತ ಸರ್ಕಾರ ಹೇಳಿದ ಮೇಲೆ ಗೇಜ್ ನೋಡಲು ಯಾರೂ ಉಳಿಯಬಾರದು, ಅದು ಬೇರೆ ಮಾತು.

ಮೂವತ್ತಾರು ಇಂಚು ಅಂದಾಗ ಊರಿನಲ್ಲಿ ನಮ್ಮಣ್ಣ ನಕ್ಕುಬಿಟ್ಟ. 'ಆಗುಂಬೆಯವರು ಇದನ್ನ ಮಳೆ ಅಂತಾರಾ?' ಅವನು ಹೇಳಿದ್ದರಲ್ಲಿ ಹುರುಳಿದೆ. ಆಗುಂಬೆಗೆ ವರ್ಷಕ್ಕೆ ಮುನ್ನೂರು ಇಂಚಿನ ಹತ್ತಿರ ಬೀಳುತ್ತದೆ. ಆದರೆ ಅಲ್ಲಿ ನೀರಿಗೆ ಇಳಿಜಾರಿದೆ. ಬಿದ್ದದ್ದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ, ಸಂಜೆಯೊಳಗೆ ಘಟ್ಟ ಇಳಿದಿರುತ್ತದೆ. ನಾರ್ತ್ ಕ್ಯಾರೊಲೈನಾದ ಪೂರ್ವಭಾಗ ಮೈಲಿಗಟ್ಟಲೆ ಮಟ್ಟಸ. ಹೊಗೆಸೊಪ್ಪು, ಹಂದಿ ಸಾಕಣೆ, ಪೈನ್ ಕಾಡು, ಜೌಗು. ನೀರಿಗೆ ಎಲ್ಲಿ ಹೋಗಬೇಕು ಅಂತಲೇ ಗೊತ್ತಾಗುವುದಿಲ್ಲ. ಗಾಳಿ ನಿಂತು ಆಕಾಶ ನೀಲಿಯಾದ ಮೇಲೆ ಫೆಯೆಟ್‌ವಿಲ್‌ನಲ್ಲಿ ಕೇಪ್ ಫಿಯರ್ ನದಿ ಉಕ್ಕಿ ನಿಂತಿತ್ತು. ಅದಕ್ಕೆ ಎರಡು ವರ್ಷ ಮೊದಲು ಮ್ಯಾಥ್ಯೂ ಚಂಡಮಾರುತ ಬಂದಾಗ ಮುಳುಗಿದ್ದ ಲಂಬರ್ಟನ್ ಮತ್ತೆ ಮುಳುಗಿತು. ಅಮೆರಿಕದಲ್ಲಿ 1963ರಿಂದ 2012ರವರೆಗೆ ಚಂಡಮಾರುತಗಳಿಂದ ನೇರವಾಗಿ ಸತ್ತವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನ ಸತ್ತದ್ದು ನೀರಿನಿಂದ. ಫ್ಲಾರೆನ್ಸ್‌ನಲ್ಲೂ ಕಾರಿನಲ್ಲಿ ನೀರಿಗೆ ಇಳಿದು ಹೋದವರೇ ಹಲವರು.

ಗೇಜ್ ಜೊತೆಗೆ ಬರುವ ಒಂದು ಬಿಟ್ಟಿ ಸೇವೆಯನ್ನೂ ವಿಮರ್ಶೆಗೆ ಸೇರಿಸಬೇಕು. ಇದರ ಹೆಸರು ಕೊಕೊರಾಸ್. ನಮ್ಮಂಥವರು ದಿನಾ ಬೆಳಿಗ್ಗೆ ಏಳರ ಹೊತ್ತಿಗೆ ಗೇಜ್ ಓದಿ ಅಂಕಿ ಕಳಿಸುವ ಸ್ವಯಂಸೇವಕರ ಜಾಲ. ಅವರು ಒಪ್ಪುವುದು ಈ ಬಗೆಯ ನಾಲ್ಕಿಂಚು ಬಾಯಿಯ ಗೇಜನ್ನೇ. ಹುಟ್ಟಿದ್ದು ಕೊಲರಾಡೋದಲ್ಲಿ. 1997ರ ಜುಲೈ 28ರಂದು ಫೋರ್ಟ್ ಕಾಲಿನ್ಸ್ ಊರಿನ ಒಂದು ಬದಿಗೆ ಹತ್ತು ಇಂಚಿಗೂ ಜಾಸ್ತಿ ಸುರಿಯಿತು, ಇನ್ನೊಂದು ಬದಿಗೆ ಬಿದ್ದದ್ದು ಮಾಮೂಲು ಮಳೆ. ಐದು ಜನ ಹೋದರು. ಮುಂದಿನ ವರ್ಷವೇ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯ ಹವಾಮಾನದವರು ಊರಿನವರ ಕೈಗೇ ಗೇಜ್ ಕೊಟ್ಟು ಶುರು ಮಾಡಿದರು. ಈಗ ಐವತ್ತೂ ರಾಜ್ಯಗಳಲ್ಲಿದೆ, ಕೆನಡಾದಲ್ಲೂ ಇದೆ. ನ್ಯಾಷನಲ್ ವೆದರ್ ಸರ್ವಿಸಿನವರು, ನದಿಯ ಮಟ್ಟ ಅಂದಾಜು ಮಾಡುವವರು, ಬರ ನೋಡುವವರು ಎಲ್ಲ ಈ ಅಂಕಿ ಬಳಸುತ್ತಾರೆ. ರೇಡಾರ್ ಮಳೆಯನ್ನು ಅಂದಾಜು ಮಾಡುತ್ತದೆ, ನೆಲದ ಮೇಲೆ ಅಳೆದವರ ಅಂಕಿಯಿಂದ ಅದನ್ನು ತಿದ್ದುತ್ತಾರೆ.

ಇದರಲ್ಲಿ ನನಗೆ ಇಷ್ಟವಾದದ್ದು ಸೊನ್ನೆ. ಮಳೆ ಬಾರದ ದಿನವೂ 0.00 ಅಂತ ಕಳಿಸಬೇಕು. ಎರಡು ಹನಿ ಬಿದ್ದು ಅಳತೆಗೆ ಸಿಗದಿದ್ದರೆ ಅದಕ್ಕೂ ಬೇರೆ ಗುರುತಿದೆ. ಅಪ್ಪನ ಡೈರಿಯಲ್ಲೂ ಬೇಸಿಗೆಯ ಪುಟಗಳಲ್ಲಿ ಸಾಲು ಸಾಲು ಸೊನ್ನೆ ಇರುತ್ತಿತ್ತು. ಜೋರು ಮಳೆಯಲ್ಲಿ ಏಳು ಗಂಟೆಗೆ ಕಾಯದೆ ನಡುವೆಯೇ ವರದಿ ಕಳಿಸುವ ವ್ಯವಸ್ಥೆಯೂ ಇದೆ, ಅದು ಕೂಡಲೇ ಹತ್ತಿರದ ವೆದರ್ ಸರ್ವಿಸ್ ಕಚೇರಿಗೆ ಹೋಗುತ್ತದೆ. ಇಷ್ಟವಾಗದ್ದು ಮೊಬೈಲಿನಲ್ಲಿ ದಿನಾ ತುಂಬುವ ಫಾರ್ಮು. ಕೆಲಸ ಆಗುತ್ತದೆ, ಚಂದ ಕೇಳಬೇಡಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ತಾನೇ ಅಳೆದು ಕಳಿಸುವ ಸರ್ಕಾರಿ ಗೇಜುಗಳಿವೆ. ಅದರ ಪಕ್ಕದಲ್ಲಿ ತೋಟ ತೋಟದ ಡೈರಿಯ ಅಂಕಿಯೂ ಒಂದು ಕಡೆ ಸೇರಿದರೆ ಹೇಗಿರುತ್ತಿತ್ತು ಅಂತ ಆಗಾಗ ಅನ್ನಿಸುತ್ತದೆ. ಎಷ್ಟೋ ಮನೆಗಳಲ್ಲಿ ತಾತನ ಕಾಲದ ಲೆಕ್ಕ ಟ್ರಂಕಿನಲ್ಲಿ ಗೆದ್ದಲು ಹಿಡಿದು ಬಿದ್ದಿದೆ.

ಹೀಗೆ ಊರೆಲ್ಲ ಗೇಜ್ ಯಾಕೆ ಅಂತ ಕೇಳುವವರಿಗೆ 2025ರ ಜುಲೈ 6ನ್ನು ತೋರಿಸುತ್ತೇನೆ. ಶಾಂಟಾಲ್ ಅನ್ನುವ ಚಂಡಮಾರುತ ಸೌತ್ ಕ್ಯಾರೊಲೈನಾದಲ್ಲಿ ದಡ ಹತ್ತಿ, ಇಳಿದು, ಚಂಡಮಾರುತ ಅನ್ನಲೂ ನಾಚಿಕೆಯಾಗುವಷ್ಟು ಸಣ್ಣದಾಗಿ ನಮ್ಮ ಕಡೆ ಬಂತು. ಆ ಹಳೆಯ ಗುಂಪಿನಲ್ಲಿ ಯಾರೂ ಶಾವಿಗೆ ಕೇಳಲಿಲ್ಲ. ಚ್ಯಾಪಲ್ ಹಿಲ್, ಬರ್ಲಿಂಗ್ಟನ್ ಸುತ್ತ ಆ ರಾತ್ರಿ ಒಂಬತ್ತು, ಹತ್ತು ಇಂಚು. ಡರಂನಲ್ಲಿ ಈನೋ ನದಿ ಹಿಂದೆಂದೂ ಏರದಷ್ಟು ಏರಿತು. ಅಲ್ಲಿಂದ ಅರ್ಧ ಗಂಟೆ ದೂರದ ನಮ್ಮ ಗೇಜಿನಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. 2024ರ ಸೆಪ್ಟೆಂಬರ್ 16ರಂದು ಕ್ಯಾರೊಲೈನಾ ಬೀಚ್ ಕಥೆ ಇನ್ನೂ ವಿಚಿತ್ರ. ಹೆಸರೇ ಸಿಗದ ಒಂದು ವಾಯುಭಾರ ಕುಸಿತ, ಎಂಟು ಅನ್ನುವ ನಂಬರು ಮಾತ್ರ. ಹನ್ನೆರಡು ಗಂಟೆಯಲ್ಲಿ 18 ಇಂಚಿನ ಮೇಲೆ ಸುರಿದು ಹೋಯಿತು. ಅದಕ್ಕೆ ಸಿಗದ ಹೆಸರು ಹತ್ತು ದಿನ ಕಳೆದು ಬಂದ ಹೆಲೀನ್‌ಗೆ ಸಿಕ್ಕಿತು. ಹೆಲೀನ್ ಫ್ಲಾರಿಡಾದಲ್ಲಿ 4ನೇ ದರ್ಜೆಯಾಗಿ ದಡ ಹತ್ತಿ, ನಮ್ಮ ರಾಜ್ಯದ ಪಶ್ಚಿಮದ ಬೆಟ್ಟಗಳಿಗೆ ಬರುವ ಹೊತ್ತಿಗೆ ಹರಿಕೇನ್ ಆಗಿ ಉಳಿದಿರಲಿಲ್ಲ. ಬ್ಯೂಸಿಕ್ ಅನ್ನುವ ಬೆಟ್ಟದೂರಿನಲ್ಲಿ 30 ಇಂಚು ದಾಟಿತು. ಆ್ಯಶ್‌ವಿಲ್ ಸುತ್ತಲಿನ ಗುಡ್ಡ ಜರಿದ ಚಿತ್ರಗಳನ್ನು ಅಣ್ಣನಿಗೆ ಕಳಿಸಿದಾಗ ಅವನು ಈ ಸಲ ನಗಲಿಲ್ಲ. 'ನಮ್ಮ ಕೊಡಗಿನ ಥರಾನೇ ಇದೆಯಲ್ಲೋ' ಅಂದ.

ಕೊಳ್ಳುವವರಿಗೆ ಕೆಲವು ಮಾತು. ಜಾಗ ಮುಖ್ಯ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರ ಇರಲಿ. ನಮ್ಮ ಕಡೆಯ ಚಿಕ್ಕ ಹಿತ್ತಲುಗಳಲ್ಲಿ ಅಷ್ಟು ಸಿಗುವುದಿಲ್ಲ, ಸಿಕ್ಕಷ್ಟು ಬಯಲಿಗೆ ಹಾಕಿ. ಮರದ ಕಂಬಕ್ಕೆ ಬ್ರಾಕೆಟ್ ಹೊಡೆಯುವಾಗ ಗೇಜಿನ ಬಾಯಿ ಕಂಬದ ತಲೆಗಿಂತ ಮೇಲಿರಬೇಕು. ಕಂಬದ ತಲೆಯನ್ನು ಓರೆಯಾಗಿ ಕೊಯ್ಯಿಸಿ, ಇಲ್ಲದಿದ್ದರೆ ಅಲ್ಲಿ ಬಿದ್ದ ಹನಿ ಸಿಡಿದು ಗೇಜಿನೊಳಗೆ ಹೋಗುತ್ತದೆ. ಬಡಾವಣೆಯ ಸಂಘ ಇರುವ ಕಡೆ ಮೊದಲೇ ಹೇಳಿಬಿಡಿ. ನಮಗೆ 'ಹಿತ್ತಲಿನಲ್ಲಿ ಅನುಮತಿ ಇಲ್ಲದ ಕಂಬ' ಅಂತ ಒಂದು ಪತ್ರ ಬಂತು. ಇದು ಮಳೆ ಅಳೆಯುವುದು ಅಂತ ಫೋಟೋ ಸಮೇತ ಉತ್ತರ ಬರೆದೆ. ಈಗ ಜೋರು ಮಳೆ ಬಂದ ಮರುದಿನ ಅದೇ ಸಂಘದವರು ಎಷ್ಟು ಬಿತ್ತು ಅಂತ ಮೆಸೇಜ್ ಮಾಡುತ್ತಾರೆ.

ಚಳಿಗಾಲದಲ್ಲಿ ಆಲಿಕೆ ಮತ್ತು ಒಳಗಿನ ಕೊಳವೆಯನ್ನು ಒಳಗೆ ತಂದಿಡಿ. ನೀರು ಹೆಪ್ಪುಗಟ್ಟಿದರೆ ಒಳಗಿನದು ಸೀಳುತ್ತದೆ. ಹೊರಗಿನದನ್ನು ಮಾತ್ರ ಬಿಟ್ಟರೆ ಹಿಮವನ್ನೂ ಹಿಡಿಯಬಹುದು, ಕರಗಿಸಿ ಅಳೆದರಾಯಿತು. ಬೇಸಿಗೆಯಲ್ಲಿ ಆಲಿಕೆಯ ಕೆಳಗೆ ಜೇಡ ಮನೆ ಮಾಡುತ್ತದೆ, ಕೊಳವೆಯ ಒಳಮೈ ಹಸಿರು ಕಟ್ಟುತ್ತದೆ. ಬಾಟಲಿ ತೊಳೆಯುವ ಉದ್ದನೆಯ ಬ್ರಶ್ ಒಂದು ಸಾಕು. ಬಿಸಿಲಿಗೆ ಕ್ರಮೇಣ ಪ್ಲಾಸ್ಟಿಕ್ ಮಂಕಾಗುತ್ತದೆ, ಗೆರೆಗಳು ಮಾತ್ರ ಅಳಿಸಿಲ್ಲ.

ಊರಿಗೆ ಹೋದಾಗ ಅಣ್ಣನಿಗೂ ಒಂದು ಕೊಂಡೊಯ್ದೆ. ತೋಟದ ಹಳೆಯ ಗೇಜಿನ ಪಕ್ಕ ನೆಟ್ಟ. ಜುಲೈಯಲ್ಲಿ ಎರಡರ ಲೆಕ್ಕವೂ ಒಂದೆರಡು ಸೆಂಟ್ ಹೆಚ್ಚುಕಮ್ಮಿ ಅಷ್ಟೇ. ಆದರೂ ಡೈರಿಗೆ ಹೋಗುವುದು ಹಳೆಯದರ ಅಂಕಿಯೇ. 'ನಿನ್ನ ಪ್ಲಾಸ್ಟಿಕ್ಕು ಕೆಲಸದವರಿಗೆ ಓದಕ್ಕೆ ಸುಲಭ, ಇರಲಿ ಬಿಡು' ಅಂತ ಅವನ ಸರ್ಟಿಫಿಕೇಟು.

ಕೊಳ್ಳುವುದಾದರೆ ಜೊತೆಗೇ ಒಳಗಿನ ಕೊಳವೆ ಒಂದು ಜಾಸ್ತಿ ತರಿಸಿಕೊಳ್ಳಿ, ಬಿಡಿಯಾಗಿ ಸಿಗುತ್ತದೆ. ಕರಾವಳಿಯ ಹತ್ತಿರ ಇರುವವರು ಹೊರಗಿನ ಕೊಳವೆಯನ್ನೂ ಎರಡು ಇಟ್ಟುಕೊಳ್ಳಿ. ತುಂಬಿದ್ದನ್ನು ತೆಗೆದು ಖಾಲಿಯದನ್ನು ಸಿಕ್ಕಿಸಿ ಒಳಗೆ ಬಂದರೆ ಸುರಿವ ಮಳೆಯಲ್ಲಿ ನಿಂತು ಅಳೆಯುವ ಪಾಡಿಲ್ಲ. ಲೀಲಂಡಿನ ಗೆಳೆಯ ಈಗ ಮೂರು ಇಟ್ಟುಕೊಂಡಿದ್ದಾನೆ. ಜೂನ್ ಒಂದಕ್ಕೆ ಚಂಡಮಾರುತದ ಕಾಲ ಶುರುವಾಗುತ್ತದೆ, ಆಮೇಲೆ ಅಂಗಡಿಗಳಲ್ಲಿ ದಾಸ್ತಾನು ಮುಗಿದಿರುತ್ತದೆ. ಮೇ ತಿಂಗಳಲ್ಲೇ ತರಿಸಿ.